ಬರೀಬೇಡಿ ಅಂತ ಕಿರುಚಿದ್ದು

ಅಕ್ಟೋಬರ್ ಒಂಬತ್ತು, ಶನಿವಾರ. ಹೇಳ್ಕೊಳ್ದೆ ನಿದ್ದೆ ಬರಲ್ಲ.

ಅಮೆರಿಕದ ಟೊಲೀಡೋದಲ್ಲಿ ಡೆಲ್ಬರ್ಟ್ ಕುಬಿಯಾಕ್ ಅವರ ಮನೆಗೆ ಹೋಗಿದ್ದೆ. ಐವತ್ತೊಂಬತ್ತನೇ ಇಸವೀಲಿ ಒಂದೇ ಸೀಸನ್ ಬೇಸ್‌ಬಾಲ್ ಆಡಿದೋರು. ಆಟಗಾರರ ಫೋಟೋ ಹಾಕಿ ಮಾರ್ತಾರಲ್ಲ, ಆ ಕಾರ್ಡು ಅವರದು ಬಂದಿದ್ದೂ ಆ ಒಂದೇ ಸಲ. ಒಂದು ಗೀರೂ ಇಲ್ಲದ್ದು ನನ್ಹತ್ರ ಇದೆ, ತೋರಿಸ್ದೆ.

"ಏನಯ್ಯಾ, ಈ ಮೀಸೆ ಬರದ ಹುಡುಗ ನಾನೇನಾ?" ಅಂತ ನಕ್ಕು, ಕವರಿಂದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ್ರು. ರುಜು ಕೇಳೋಕೆ ಬಂದಿದೀನಿ ಅಂದ್ಕೊಂಡಿದ್ರು, ಪಾಪ.

"ಬೇಡ, ಬರೀಬೇಡಿ!" ಅಂತ ಕಿರುಚ್ಬಿಟ್ಟೆ.

"ನನ್ ಹೆಸರು ಬಿದ್ರೆ ಕೆಡುತ್ತೇನಪ್ಪಾ?"

ಶಾಯಿ ತಾಗಿದ ಕಾರ್ಡು ನಮ್ಮಂಥ ಸಂಗ್ರಹದ ಹುಚ್ಚರಿಗೆ ಮೈಲಿಗೆ. ಒಂದು ಸುಳ್ಳಾದ್ರೂ ಹೇಳ್ಬಹುದಿತ್ತು. ಹೌದು ಅಂದೆ.

ಅಂಗಿ ತುದೀಲಿ ತಮ್ಮ ಬೆರಳಿನ ಗುರುತು ಒರೆಸಿ, ಅಂಚು ಮಾತ್ರ ಹಿಡ್ಕೊಂಡು ವಾಪಸ್ ಕೊಟ್ರು. ನಾನು ಅದನ್ನ ಬೆಳಕಿಗೆ ಹಿಡಿದು ನೋಡ್ದೆ. ಅವರೆದುರಿಗೇ...