ಹೋಮ್ ಬೇಸಿನ ಬಳಿ ಕೊಟ್ಟ ತೀರ್ಪು

ಹಾಲ್‌ಬ್ರೂಕ್, ನೆಬ್ರಾಸ್ಕಾ
ಮೇ 9

ಪ್ರೀತಿಯ ಅಪ್ಪನಿಗೆ,

ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಬೇಡ. ಹೇಝಲ್‌ಗೆ ಹಲ್ಲು ಬರುತ್ತಿದೆ. ಅವಳು ಅತ್ತರೂ ನನಗೆ ನಿದ್ದೆಯಿಲ್ಲ. ಸುಮ್ಮನಾದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂರುತ್ತೇನೆ.

ನೀವು ಕೇಳಿದ್ದು ಇಷ್ಟೇ: ತಮ್ಮ ಟ್ರೆಂಟ್‌ನನ್ನು ಬೇಸ್‌ಬಾಲ್ ಆಟದಿಂದ ಹೊರಹಾಕಿದ್ದು ನನ್ನ ತಪ್ಪೆಂದು ಅಂಪೈರ್ ಸಂಘಕ್ಕೆ ಬರೆದುಕೊಟ್ಟರೆ, ಅವನು ಶನಿವಾರ ಫೈನಲ್ ಆಡಬಹುದು. ಬರೆಯುವುದಿಲ್ಲ, ಅಪ್ಪ.

ಬರಬೇಕಿದ್ದ ಅಂಪೈರ್ ಜ್ವರದಿಂದ ಮಲಗಿದಾಗ ಎರಡೂ ತಂಡದ ಕೋಚ್‌ಗಳು ಒಪ್ಪಿಯೇ ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದು. ತಮ್ಮನ ಆಟವೆಂದು ಮೆತ್ತಗಾಗಬೇಡ ಎಂದು ನಮ್ಮ ಕೋಚೇ ನಕ್ಕಿದ್ದರು. ಟ್ರೆಂಟ್ ಮೂರನೇ ಬೇಸಿನಿಂದ ಹೋಮ್ ಬೇಸಿಗೆ ಓಡಿ ಬರುವಷ್ಟರಲ್ಲಿ ಚೆಂಡು ಅಲ್ಲಿ ಕಾಯುತ್ತಿದ್ದ ಎದುರು ತಂಡದ ಕ್ಯಾಚರ್ ಎಲಿಯ ಕೈಸೇರಿತ್ತು. ಇವನು ನೆಲದ ಮೇಲೆ ಜಾರಿಕೊಂಡು ಬರಬಹುದಿತ್ತು, ಪಕ್ಕಕ್ಕೆ ಸರಿಯಬಹುದಿತ್ತು, ನಿಂತೇಬಿಡಬಹುದಿತ್ತು. ಭುಜ ತಗ್ಗಿಸಿ ಎಲಿಯ ಮೇಲೆ ನುಗ್ಗಿದ. ನಿಯಮದ ಪ್ರಕಾರ ಬೇಕೆಂದೇ ಗುದ್ದಿದವನು ಔಟ್, ಆ ಆಟದಿಂದಲೂ ಹೊರಗೆ, ಮುಂದಿನ ಆಟಕ್ಕೂ ಇಲ್ಲ. ನಿಯಮ ಕ್ಯಾಚರ್‌ಗಾಗಿ ಮಾತ್ರ ಇಲ್ಲ. ಗುದ್ದುವವನ ಕತ್ತೂ ಕತ್ತೇ.

ಊರು ನನ್ನನ್ನು ಬಿಟ್ಟಿಲ್ಲ. ಕೆಫೆಯ ವರ್ನಾ ಕಾಫಿ ತಂದಿಟ್ಟು, "ಹಾಲು ಹಾಕ್ಲಾ ಕೆಲ್ಸಿ, ಇಲ್ಲ ಅದಕ್ಕೂ ನಿಯಮ ಇದೆಯಾ?" ಎಂದಳು. ಹಾಕು ಎಂದೆ. ಪೂರ್ತಿ ಕುಡಿದೇ ಎದ್ದೆ. ನಿಮ್ಮ ಕಾಲದಲ್ಲಿ ಕ್ಯಾಚರ್‌ನನ್ನು ಕೆಡವಿದವನಿಗೆ ಅಲ್ಲಿ ಒಂದು ತುಂಡು ಸೇಬಿನ ಪೈ ಪುಕ್ಕಟೆಯಂತೆ. ಇರಲಿ.

ಎಲಿಯ ಭುಜದ ಬಳಿಯ ಕೊರಳೆಲುಬು ಮುರಿದಿದೆ. ಅವನ ತಾಯಿ ಫೋನಿನಲ್ಲಿ ನನ್ನನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ಮಲಗಲಾಗದೆ ಕೂತೇ ನಿದ್ದೆ ಮಾಡುತ್ತಾನೆ ಎಂದಷ್ಟೇ ಹೇಳಿದರು.

ನಿನ್ನೆ ಟ್ರೆಂಟ್ ಬಂದಿದ್ದ. ಜಗಳಕ್ಕೇ ಬಂದನೆಂದುಕೊಂಡೆ. ಹೇಝಲ್‌ಳನ್ನು ಎತ್ತಿಕೊಂಡು ಬಹಳ ಹೊತ್ತು ಆಡಿಸಿದ. ಆಮೇಲೆ ನನ್ನನ್ನು ನೋಡದೆ, ಅವಳ ಮುಖವನ್ನೇ ನೋಡುತ್ತ ಹೇಳಿದ: "ಜಾರೋಕೆ ಟೈಮಿತ್ತು ಅಕ್ಕ. ಅಪ್ಪ ನೋಡ್ತಾ ಇದ್ರು."

ಶನಿವಾರ ನಮ್ಮವರು ಸೋತರೆ ಸೋಲಲಿ. ನಾಳೆ ಅವನು ಹಾಗೆಯೇ ನುಗ್ಗಿ ಬಂದರೆ ನಾನೂ ಹಾಗೆಯೇ ಔಟ್ ಎಂದು ಕೈಯೆತ್ತುತ್ತೇನೆ. ಇದನ್ನು ಸಂಘಕ್ಕೂ ಬರೆದಿದ್ದೇನೆ, ನೀವು ಬೇರೆಯವರಿಂದ ಕೇಳುವುದು ಬೇಡ.

ನಿಮ್ಮ ಮೊಣಕಾಲು ನೋವು ಬೇಗ ವಾಸಿಯಾಗಲಿ. ಅಮ್ಮನಿಗೆ ಮುತ್ತು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು,
ಕೆಲ್ಸಿ

ಮ.ವಿ.: ಎಲಿ ಮಣ್ಣಿನಲ್ಲಿ ಬಿದ್ದಿದ್ದಾಗ ಮೈದಾನವೆಲ್ಲ ಗಪ್‌ಚಿಪ್ಪಾಗಿತ್ತು. ನನ್ನ ಬೆನ್ನ ಹಿಂದೆ ಒಬ್ಬರು ಮಾತ್ರ ಚಪ್ಪಾಳೆ ತಟ್ಟಿದರು. ನಾನು ತಿರುಗಿ ನೋಡಲಿಲ್ಲ. ನಾನು ಸೈಕಲ್ ಕಲಿತ ದಿನ ಹಿಂದೆ ಓಡಿ ಬರುತ್ತ ತಟ್ಟಿದ ಕೈಗಳವು, ಅಪ್ಪ. ನೋಡಬೇಕಾಗಿರಲಿಲ್ಲ.