ಗಾಜಿನ ಕಪಾಟಿನ ಶೂ

ಅಪ್ಪಾ,

ನಾನು ಡಿಸೈನ್ ಮಾಡಿದ ಮೊದಲ ಶೂ ಕಳಿಸಿದ್ದು ನಿಮ್ಮ ಕಾಲಿಗೆ. ನೀವು ನೋಡಿದರೆ ಅದನ್ನ ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸ್ತಿದ್ದೀರಂತೆ. ಅಮ್ಮ ಮುಟ್ಟಿದರೂ ಬೈತೀರಂತೆ!

ಜೋಪಾನವಾಗಿ ಇಟ್ಟರೆ ಬಾಳಿಕೆ ಬರುತ್ತೆ ಅಂದ್ಕೊಂಡಿದ್ದೀರಿ. ಇಲ್ಲಪ್ಪ. ಶೂ ಹಾಕಿಕೊಂಡು ಓಡಾಡಿದರೇನೇ ಅಡಿಯ ಮೆತ್ತನೆ ಫೋಮು ಗಟ್ಟಿ ಇರೋದು. ಸುಮ್ಮನೆ ಇಟ್ಟರೆ ಕೆಲವು ವರ್ಷಕ್ಕೆ ಒಣಗಿದ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗುತ್ತೆ. ದುಬಾರಿ ಶೂಗಳನ್ನ ಡಬ್ಬದಲ್ಲೇ ಕೂಡಿಟ್ಟು, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತ ಎಷ್ಟು ಜನರನ್ನ ನೋಡಿಲ್ಲ ನಾನು!

ಮಂಡಿ ಆಪರೇಷನ್ ಆದಮೇಲೆ ನೀವು ಗೇಟು ದಾಟಿಲ್ಲ ಅಂತಲೂ ಗೊತ್ತು. ಕಾಲು ವಾಲದಿರಲಿ ಅಂತಲೇ ಶೂ ಹಿಮ್ಮಡಿ ಅಗಲ ಮಾಡಿದ್ದು. ಮೊದಲ ದಿನ ಬೀದಿ ಕೊನೆಯ ಕ್ಷೌರದಂಗಡಿವರೆಗೆ ಹೋದರೆ ಸಾಕು. ಅಮ್ಮನ ಕೈ ಹಿಡಿದುಕೊಂಡರೆ ನಿಮ್ಮ ಮರ್ಯಾದೆಯೇನೂ ಹೋಗಲ್ಲ.

ಇನ್ನೊಂದು ವಿಷಯ. ಮಂಡಿ ಆಪರೇಷನ್ ಆದವರಿಗೇ ಅಂತ ಒಂದು ಶೂ ಮಾಡೋಕೆ ನಮ್ಮ ಕಂಪನಿ ಮೇಡಂ ಒಪ್ಪಿದ್ದಾರೆ. ಅದಕ್ಕೆ ಹಿಮ್ಮಡಿ ಯಾವ ಕಡೆ ಸವೆಯುತ್ತೆ ಅಂತ ನೋಡಬೇಕು. ಹೊಳೆಯೋ ಶೂ ಫೋಟೋ ಬೇಡ, ಸವೆದ ಅಡಿಯ ಫೋಟೋ ಕಳಿಸಿ. ಕೆಸರು ಮೆತ್ತಿಕೊಂಡಿದ್ದರೆ ತೊಳೀಬೇಡಿ, ಹಾಗೇ ಇರಲಿ.

ಕಾಯ್ತಿರೋ
ನಿಮ್ಮ ಪುಟ್ಟಿ