ಜಗಲಿ ಗೋಡೆಗೆ ಸುಣ್ಣ

ಕೊಕ್ಕರೆ ಬೆಳ್ಳೂರು
11 ಫೆಬ್ರವರಿ 2025, ಮಂಗಳವಾರ

ಮುದ್ದಿನ ಮೊಮ್ಮಗಳು ರಂಜಿತಳಿಗೆ ಅಜ್ಜಿ ಮಾಡುವ ಆಶೀರ್ವಾದ.

ಹೇಗಿದ್ದೀಯ ಮಗಾ? ಕೆಮ್ಮು ವಾಸಿಯಾಯಿತೇ? ಮೈಸೂರಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಬೆಳಕು ಚೆನ್ನಾಗಿದೆ ಅಂತ ಖಾಲಿ ಹೊಟ್ಟೆಯಲ್ಲಿ ಕೆರೆ ಏರಿ ಮೇಲೆ ನಿಂತಿರುತ್ತೀಯೋ? ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ನಿಮ್ಮಮ್ಮ ಚೆನ್ನಾಗಿದ್ದಾಳೆ. ನಿಮ್ಮಪ್ಪನೂ ಚೆನ್ನಾಗಿದ್ದಾನೆ, ನೀನು ಕೇಳದಿದ್ದರೂ ಹೇಳುತ್ತಿದ್ದೇನೆ. ಫೋನು ಮಾಡಿದರೆ ಅವನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ಕೊಕ್ಕರೆಗಳು ಗೂಡು ಕಟ್ಟಿರುವ ನಮ್ಮ ಮನೆ ಮುಂದಿನ ಹುಣಸೆ ಮರದ ಮೇಲೆ ಬಿಸಿಲು ಎಷ್ಟು ಗಂಟೆಗೆ ಬೀಳುತ್ತದೆ, ಮಂಜು ಯಾವತ್ತು ಬರುತ್ತದೆ, ನೋಡಿ ಬರಿ ಅಂತ ಕೇಳಿದ್ದೀಯ. ಮೊದಲ ಬಸ್ಸಿಗೆ ಬಂದು, ಹಕ್ಕಿ, ಮರ, ಮರದ ಹಿಂದೆ ಕಾಣುವ ನಮ್ಮ ಮನೆ ಗೋಡೆ ಎಲ್ಲ ಸೇರಿಸಿ ರೋಡಿನಿಂದಲೇ ಫೋಟೋ ತೆಗೆದುಕೊಂಡು ಹಾಗೇ ಹೋಗಿಬಿಡುತ್ತೀಯಂತೆ. ಅದನ್ನು ಓದಿ ನನಗೆ ಅನ್ನ ಸೇರಲಿಲ್ಲ. ಮದ್ದೂರಿನ ಬ್ಯಾಂಕು ಕೆಲಸ ಬಿಟ್ಟು ಕ್ಯಾಮೆರಾ ಹಿಡಿದೆ ಅಂತ ನಿಮ್ಮಪ್ಪ ಕೂಗಾಡಿದ, ನೀನು "ನೀನಾಗೇ ಕರಿಯೋಗಂಟ ಈ ಒಸ್ಲು ತುಳಿಯಲ್ಲ ಕಣಪ್ಪ" ಅಂದು ಹೊರಟೆ. ಎರಡು ವರ್ಷವಾಯಿತು. ಅವನು ಕರೆದಿಲ್ಲ, ನೀನು ತುಳಿದಿಲ್ಲ. ಅಪ್ಪ ಮಗಳದು ಒಂದೇ ಹಠ, ಮಧ್ಯೆ ಸವೆಯುತ್ತಿರುವವಳು ನಾನು.

ಇರಲಿ, ನೀನು ಹೇಳಿದ ಕೆಲಸ ಮಾಡಿದ್ದೇನೆ. ಒಂಬತ್ತು ದಿನ ಬೆಳಗಾಗುವ ಮುಂಚೆಯೇ ಜಗಲಿ ಮೇಲೆ ಕೂತೆ. ಆರೂ ಐವತ್ತಕ್ಕೆ ತುದಿ ಕೊಂಬೆಗೆ ಬಿಸಿಲು ತಾಗುತ್ತದೆ, ಏಳೂ ಕಾಲಿಗೆ ಗೂಡಿಗೆ ಇಳಿಯುತ್ತದೆ. ಏಳೂ ಮುಕ್ಕಾಲು ದಾಟಿದರೆ ಎಲ್ಲ ಒಂದೇ ಬಿಳುಪು, ನೋಡುವುದಕ್ಕೆ ಏನೂ ಇರುವುದಿಲ್ಲ. ಮಂಜು ದಿನಾ ಬರುವುದಿಲ್ಲ. ಹಿಂದಿನ ಸಂಜೆ ಗಾಳಿ ಪೂರ್ತಿ ನಿಂತಿದ್ದರೆ ಮಾತ್ರ ಶಿಂಷಾ ಹೊಳೆ ಕಡೆಯಿಂದ ತೆವಳಿಕೊಂಡು ಬರುತ್ತದೆ. ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಇದನ್ನು ನಾನು ಗಮನಿಸಿಯೇ ಇರಲಿಲ್ಲ ನೋಡು. ಪಕ್ಕದ ಮನೆ ಮಾಯಮ್ಮ, ಏನಮ್ಮಾ ಸೂರ್ಯನಿಗೆ ಹಾಜರಿ ಹಾಕುತ್ತಿದ್ದೀಯಾ ಅಂತ ಆಡಿಕೊಂಡಳು.

ಈಗ ಕೆಟ್ಟ ಸುದ್ದಿ. ಜಗಲಿಯ ಆ ಕೆಮ್ಮಣ್ಣಿನ ಗೋಡೆ ಅಂದರೆ ನಿನಗೆ ಪ್ರಾಣ ಅಂತ ನನಗೆ ಗೊತ್ತು. ಭಾನುವಾರ ನಾನು ಮದ್ದೂರಿಗೆ ಕಣ್ಣು ತೋರಿಸಲು ಹೋಗಿ ಬರುವಷ್ಟರಲ್ಲಿ ನಿಮ್ಮಪ್ಪ ಅದಕ್ಕೆ ಎರಡು ಸಲ ಸುಣ್ಣ ಬಳಿದು ಮುಗಿಸಿದ್ದ. ಮಾರನೆ ದಿನ ರೋಡಿಗೆ ಹೋಗಿ ನಿಂತು ನೋಡಿದೆ. ಬಿಳಿ ಹಕ್ಕಿ, ಹಿಂದೆ ಬಿಳಿ ಗೋಡೆ, ಕಣ್ಣು ಕುಕ್ಕುತ್ತದೆ, ಒಂದೂ ಕಾಣುವುದಿಲ್ಲ. ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದ ನಿನ್ನ ಕಾಗದದ ಮಡಿಕೆ ತಿರುಗುಮುರುಗಾಗಿತ್ತು. ಓದಿದ್ದಾನೆ, ನಿನ್ನ ಫೋಟೋ ಕೆಡಲಿ ಅಂತ ಬೇಕೆಂದೇ ಮಾಡಿದ್ದಾನೆ ಅಂತ ನನಗೆ ಉರಿದುಹೋಯಿತು. ಬಾಯಿಗೆ ಬಂದ ಹಾಗೆ ಬೈದೆ. ಅವನು ಸುಣ್ಣದ ಬ್ರಷ್ಷು ಎತ್ತಿಕೊಂಡು ಹಿತ್ತಲಿಗೆ ಹೋದ. ಆಗಿನಿಂದ ಅವನ ಹತ್ತಿರ ಮಾತು ಬಿಟ್ಟಿದ್ದೇನೆ.

ಆದರೆ ಇವತ್ತು ಬೆಳಿಗ್ಗೆ ಒಂದು ವಿಚಿತ್ರ ಆಯಿತು. ಜಗಲಿಯಿಂದ ನೋಡಿದರೆ ಸೂರ್ಯ ಮರದ ಆಚೆ ಇರುತ್ತಾನಲ್ಲ, ಹಕ್ಕಿಗಳು ಬರೀ ಕರಿ ಮುದ್ದೆಗಳ ಹಾಗೆ ಕಾಣುತ್ತಿದ್ದವು. ಇವತ್ತು ನಮ್ಮ ಕಡೆ ಬಾಗಿರುವ ಕೊಂಬೆಯಲ್ಲಿ ಅವುಗಳ ಎದೆ ಕಂಡಿತು, ಬಾಲದ ಹತ್ತಿರದ ಗುಲಾಬಿ ಬಣ್ಣ ಕಂಡಿತು, ಬಾಯಿ ತೆರೆದ ಮರಿಯೂ ಕಂಡಿತು. ಬೆಳಕು ಈ ಕಡೆಯಿಂದ ಎಲ್ಲಿಂದ ಬಂತು ಅಂತ ಹಿಂದೆ ತಿರುಗಿದರೆ ಬೆನ್ನ ಹಿಂದೆ ಗೋಡೆ ಧಗಧಗ ಅನ್ನುತ್ತಿದೆ. ಅದೇನೋ ನೋಡಿಯೇ ಬಿಡೋಣ ಅಂತ ನಿಮ್ಮಮ್ಮನಿಗೂ ಮಾಯಮ್ಮನಿಗೂ ಒಂದೊಂದು ಕರಿ ಕಂಬಳಿ ಕೊಟ್ಟು ಗೋಡೆಗೆ ಅಡ್ಡ ಹಿಡಿಸಿದೆ. ಹಕ್ಕಿಗಳು ಮಂಕಾದವು. ತೆಗೆಸಿದೆ, ಮತ್ತೆ ಕಂಡವು. ನಾಲ್ಕು ಸಲ ಹಿಡಿಸಿ ತೆಗೆಸಿದೆ. ಅಷ್ಟರಲ್ಲಿ ಒಲೆ ಮೇಲಿದ್ದ ರಾಗಿ ರೊಟ್ಟಿ ಸೀದುಹೋಗಿ ನಿಮ್ಮಮ್ಮನ ಕೈಲಿ ಬೈಸಿಕೊಂಡೆ. ಗೋಡೆ ಹೀಗೆ ಬೆಳಕು ವಾಪಸು ಕೊಡುವುದು ನಿನಗೆ ಮೊದಲೇ ಗೊತ್ತಿತ್ತೇ? ನನಗಂತೂ ಇನ್ನೂ ಬೆರಗು ಹೋಗಿಲ್ಲ. ಆದರೆ ಇದು ರೋಡಿನಿಂದ ಕಾಣುವುದಿಲ್ಲ, ಜಗಲಿಯಿಂದಲೇ ಆಗಬೇಕು. ನಾನು ನಿನ್ನನ್ನು ಒಳಗೆ ಬಾ ಅನ್ನುತ್ತಿಲ್ಲ, ಬೆಳಕಿನ ವಿಷಯ ಹೇಳಿದೆ ಅಷ್ಟೆ.

ನಿನ್ನ ಊಟ ಹೆಚ್ಚಲಿ, ಹಠ ಕಡಿಮೆಯಾಗಲಿ, ಹೋದಲ್ಲೆಲ್ಲ ನಿನಗೆ ಒಳ್ಳೆಯ ಬಿಸಿಲು ಸಿಗಲಿ.

ನಿನ್ನ ಅಜ್ಜಿ,
ಸಣ್ಣತಾಯಮ್ಮ

ವಿ.ಸೂ.: ಕವರು ಅಂಟಿಸಲು ಅನ್ನದ ಅಗುಳು ತರೋಣ ಅಂತ ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ನಿಮ್ಮಪ್ಪ ಇದನ್ನೆಲ್ಲ ಓದಿಬಿಟ್ಟಿದ್ದ. ಬೇಕೆಂದೇ ಮಾಡಿದ್ದಾನೆ ಅಂತ ಬರೆದ ಜಾಗದಲ್ಲಿ ಬೆರಳಿಟ್ಟು, "ಕೆಡ್ಸಾಕಲ್ಲ ಕಣವ್ವ. ಮಗ್ಳು ಪೋಟ ತೆಗಿಯಾಕೆ ಬತ್ತಾಳೆ, ನಾಕು ಜನ ನೋಡ್ತಾರೆ, ಮನೆ ಚೆಂದಾಗಿ ಕಾಣ್ಲಿ ಅಂತ ಬಳ್ದೆ" ಅಂದ. ಸುಣ್ಣಕ್ಕೆ ಆ ಬೆರಳು ಬಿರಿದುಹೋಗಿದೆ, ಈಗಷ್ಟೇ ನೋಡಿದೆ. ಸುಮ್ಮನೆ ಬೈದುಬಿಟ್ಟೆ. ಪೆನ್ನು ಕೊಟ್ಟು, ನಿನ್ನ ಮಗಳಿಗೆ ನೀನೇ ಬರಿ ಅಂದೆ. ಪೋಸ್ಟಿನವನು ಬಂದು ನಿಂತಿದ್ದಾನೆ. ಕೆಳಗಿನದು ನಿಮ್ಮಪ್ಪನ ಅಕ್ಷರ.

ರಂಜಿ, ರೋಡಿಂದ ಬ್ಯಾಡ. ಒಳಿಕೆ ಬಂದು ಜಗಲಿ ಮೇಲಿಂದ ತೆಗಿ. ಸುಣ್ಣ ಜಾಸ್ತಿ ಆಗಿದ್ರೆ ಹೇಳು, ಮಣ್ಣು ಬಳೀತೀನಿ.